ಗಾಂಧಿಗೂ ಬಿ.ಪಿ. ಇತ್ತು

ನಮ್ಮ ಗುಂಪಿನ ಗೆಳೆಯನೊಬ್ಬನ ಸೋದರಮಾವನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಲು ಎದ್ದವರು ಕೊಟ್ಟಿಗೆಯಲ್ಲೇ ಕುಸಿದರು. ಜೀವ ಉಳಿಯಿತು, ಬಲಗೈ ಮಾತ್ರ ಇನ್ನೂ ಪೂರ್ತಿ ಮಾತು ಕೇಳುತ್ತಿಲ್ಲ. ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಬಿ.ಪಿ. ಮಾತ್ರೆ ಬಿಟ್ಟು ಎಂಟು ತಿಂಗಳಾಗಿತ್ತು. ಯಾಕೆ ಬಿಟ್ಟಿರಿ ಮಾವ ಎಂದರೆ ಅವರದು ಒಂದೇ ಮಾತು: "ಮುದ್ದೆ ತಿಂದು ಹೊಲದಲ್ಲಿ ಗೇಯೋರಿಗೆ ಎಂಥಾ ಬೀಪಿನಯ್ಯ? ಅದೆಲ್ಲ ಕುಂತು ತಿನ್ನೋರ ಕಾಯಿಲೆ."

ಈ ಮಾತನ್ನು ನಾವು ಎಷ್ಟು ಹಳ್ಳಿಗಳಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಆ ಮಾವನ ಮನೆಯ ಅಂಗಳದಲ್ಲಿ ಕೂತು ಕೇಳಿದಾಗ ಮಾತ್ರ ಒಂದು ಸಂಗತಿ ನೆನಪಾಯಿತು. ಅಲ್ಲಿಂದ ಎದುರಿಗೆ ನಂದಿ ಬೆಟ್ಟ ಕಾಣುತ್ತದೆ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಅದೇ ಬೆಟ್ಟಕ್ಕೆ 1927ರ ಬೇಸಿಗೆಯಲ್ಲಿ ಒಬ್ಬರು ಬಿ.ಪಿ. ಇಳಿಸಿಕೊಳ್ಳಲೆಂದೇ ಬಂದು ಸುಮಾರು ಒಂದೂವರೆ ತಿಂಗಳು ಉಳಿದಿದ್ದರು. ಅವರು ಕುಂತು ತಿನ್ನುವವರಂತೂ ಆಗಿರಲಿಲ್ಲ. ಮಾಂಸ ಮುಟ್ಟುತ್ತಿರಲಿಲ್ಲ, ಹೆಂಡ ಬೀಡಿಗಳ ಹತ್ತಿರ ಹೋಗುತ್ತಿರಲಿಲ್ಲ, ದಿನಾ ಮೈಲಿಗಟ್ಟಲೆ ನಡೆಯುತ್ತಿದ್ದರು, ಹಿಂದೆ ವರ್ಷಗಟ್ಟಲೆ ಉಪ್ಪನ್ನೇ ಬಿಟ್ಟಿದ್ದವರು. ಹೆಸರು ಮೋಹನದಾಸ ಕರಮಚಂದ ಗಾಂಧಿ.

ಆ ವರ್ಷ ಮಾರ್ಚ್ ಕೊನೆಯಲ್ಲಿ ಗಾಂಧಿ ಖಾದಿ ಪ್ರಚಾರಕ್ಕಾಗಿ ಕೊಲ್ಹಾಪುರದ ಕಡೆ ಪ್ರವಾಸದಲ್ಲಿದ್ದರು. ಒಂದರ ಮೇಲೊಂದು ಸಭೆ, ನಿದ್ದೆಯಿಲ್ಲ, ಬಿಸಿಲು ಬೇರೆ. ಮೈ ಕೈಕೊಟ್ಟಿತು. ಪರೀಕ್ಷಿಸಿದ ವೈದ್ಯರು ರಕ್ತದ ಒತ್ತಡ ವಿಪರೀತ ಏರಿದೆ, ಪ್ರವಾಸ ನಿಲ್ಲಿಸಿ ಎಂದರು. ಅವರಿಗೆ ಆಗ 57 ವರ್ಷ. ಮುಂದೆ ನಡೆಯಬೇಕಿದ್ದ ಕರ್ನಾಟಕ ಪ್ರವಾಸ ಮುಂದಕ್ಕೆ ಹೋಯಿತು. ಕರ್ನಾಟಕಕ್ಕೆ ಅವರು ಬಂದದ್ದು ಭಾಷಣ ಮಾಡಲು ಅಲ್ಲ, ಸುಮ್ಮನಿರಲು. ಏಪ್ರಿಲ್ ಮೂರನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ನಂದಿ, ಆಮೇಲೆ ಬೆಂಗಳೂರಿನ ಕುಮಾರಪಾರ್ಕು.

ನಂದಿಯಲ್ಲಿ ಅವರಿಗೆ ಸಿಕ್ಕ ಚಿಕಿತ್ಸೆ ಏನು? ತಂಪು ಗಾಳಿ, ವಿಶ್ರಾಂತಿ, ಹಾಲು ಹಣ್ಣು, ಸಂಜೆಯ ನಡಿಗೆ. ಲೋನಾವಳಾದ ಕೈವಲ್ಯಧಾಮದ ಸ್ವಾಮಿ ಕುವಲಯಾನಂದರಿಗೆ ಪತ್ರ ಬರೆದು, ಶವಾಸನ ಮುಂತಾದವುಗಳಿಂದ ಒತ್ತಡ ಇಳಿಯುತ್ತದೆಯೇ ಎಂದು ಕೇಳುತ್ತಿದ್ದರು, ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡುತ್ತಿದ್ದರು. ತಲೆಗೆ, ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟಿಕೊಳ್ಳುವುದು ಅವರ ಹಳೆಯ ಅಭ್ಯಾಸ. ಮಾತ್ರೆ ಮಾತ್ರ ಇರಲಿಲ್ಲ. ಗಾಂಧಿ ಅಲೋಪತಿ ಒಲ್ಲೆ ಎಂದದ್ದಕ್ಕಲ್ಲ, ಆ ಕಾಲಕ್ಕೆ ಬಿ.ಪಿ. ಇಳಿಸುವ ನಂಬಬಹುದಾದ ಮಾತ್ರೆ ಜಗತ್ತಿನಲ್ಲೇ ಇರಲಿಲ್ಲ. (ಬೆಂಗಳೂರಿಗೆ ಇಳಿದ ಮೇಲೂ ಈ ರೋಗಿ ಸುಮ್ಮನೆ ಕೂರಲಿಲ್ಲ ಅನ್ನಿ. ಇಂಪೀರಿಯಲ್ ಡೇರಿಗೆ ಹೋಗಿ ಹಸು ಸಾಕಣೆಯ ಪಾಠ ಹೇಳಿಸಿಕೊಂಡರು.)

ಒತ್ತಡವನ್ನು ಅಳೆಯುವುದೇ ಆಗ ಹೊಸ ವಿದ್ಯೆ. 1733ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಹೆಣ್ಣು ಕುದುರೆಯೊಂದರ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಸಿಕ್ಕಿಸಿ, ರಕ್ತ ಆಳೆತ್ತರಕ್ಕೂ ಮೀರಿ ಏರಿದ್ದನ್ನು ಬರೆದಿಟ್ಟ. ಮನುಷ್ಯರಿಗೆ ಹಾಗೆ ಮಾಡಲಾದೀತೇ? ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಪಾದರಸದ ಉಪಕರಣವನ್ನು ಇಟಲಿಯ ರಿವಾ-ರೋಚಿ ಕೊಟ್ಟದ್ದು 1896ರಲ್ಲಿ. ಪಟ್ಟಿಯ ಕೆಳಗೆ ಸ್ಟೆಥಾಸ್ಕೋಪ್ ಇಟ್ಟು ಸದ್ದು ಕೇಳಿ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯುವುದನ್ನು ರಷ್ಯಾದ ಕೊರೊಟ್ಕಾಫ್ ತೋರಿಸಿಕೊಟ್ಟದ್ದು 1905ರಲ್ಲಿ. ಅಂದರೆ ನಂದಿ ಬೆಟ್ಟದ ಹೊತ್ತಿಗೆ ಅಂಕಿ ಗೊತ್ತಾಗುತ್ತಿತ್ತು, ಅದನ್ನು ಇಳಿಸುವ ದಾರಿ ಗೊತ್ತಿರಲಿಲ್ಲ. ಇಳಿಸಲೇಬಾರದು ಎನ್ನುವ ವೈದ್ಯರೂ ಇದ್ದರು. ವಯಸ್ಸಾದಂತೆ ನಾಳ ಗಟ್ಟಿಯಾಗುತ್ತದೆ, ಅದರಲ್ಲಿ ರಕ್ತ ದೂಡಲು ಹೆಚ್ಚು ಒತ್ತಡ ಬೇಕೇ ಬೇಕು ಎಂಬುದು ಅವರ ತರ್ಕ. ವಯಸ್ಸಿಗೆ ನೂರು ಸೇರಿಸಿದಷ್ಟು ಬಿ.ಪಿ. ಇದ್ದರೆ ಸರಿ ಎಂದು ಹೇಳುವ ಹಿರಿಯರು ನಮ್ಮೂರುಗಳಲ್ಲಿ ಇವತ್ತಿಗೂ ಸಿಗುತ್ತಾರಲ್ಲ, ಆ ಲೆಕ್ಕ ಆ ಕಾಲದ್ದು. ಅದು ತಪ್ಪು ಎಂದು ವೈದ್ಯಲೋಕ ಬಿಟ್ಟು ಎಷ್ಟೋ ದಶಕವಾಯಿತು, ನಮ್ಮ ಜಗಲಿಕಟ್ಟೆಗಳು ಬಿಟ್ಟಿಲ್ಲ.

ದೊಡ್ಡವರ ಪಾಡೂ ಇದೇ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರನ್ನು 1944ರಲ್ಲಿ ಹೃದಯತಜ್ಞ ಬ್ರೂಯೆನ್ ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಆತ ಹೇಳಿದ್ದು: ಹೃದಯಕ್ಕೊಂದು ಔಷಧಿ, ಉಪ್ಪು ಕಡಿಮೆ, ಸಿಗರೇಟು ಕಡಿಮೆ, ವಿಶ್ರಾಂತಿ. ಯುದ್ಧ ನಡೆಸುತ್ತಿದ್ದ ಮನುಷ್ಯನಿಗೆ ಎಲ್ಲಿಯ ವಿಶ್ರಾಂತಿ. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಾಗ ಮೇಲಿನ ಅಂಕಿ 300 ದಾಟಿತ್ತು.

ಉಪ್ಪಿನ ಮೇಲೆ ಮೊದಲು ಗುಮಾನಿ ಬಂದದ್ದು ಪ್ಯಾರಿಸ್ಸಿನಲ್ಲಿ. 1904ರಲ್ಲಿ ಅಂಬಾರ್ ಮತ್ತು ಬೋಜಾರ್ ಎಂಬ ಇಬ್ಬರು ವೈದ್ಯರು, ರೋಗಿಗಳ ಉಪ್ಪು ಕಡಿಮೆ ಮಾಡಿದರೆ ಒತ್ತಡ ಇಳಿಯುತ್ತದೆ, ಮತ್ತೆ ಕೊಟ್ಟರೆ ಏರುತ್ತದೆ ಎಂದು ಬರೆದರು. ನಮ್ಮವರಿಗೆ ಇದನ್ನು ವಿವರಿಸಲು ಪುಸ್ತಕ ಬೇಕಿಲ್ಲ, ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಸಾಕು. ಒಳಗೆ ಹೋದ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಆ ಉಪ್ಪನ್ನು ಹೊರಗೆ ಹಾಕುವವರೆಗೂ ಆ ನೀರು ರಕ್ತದಲ್ಲಿ ಸೇರಿ ಅದರ ಪ್ರಮಾಣ ಹೆಚ್ಚುತ್ತದೆ. ಕೊಳವೆ ಅಷ್ಟೇ ಅಗಲ, ನೀರು ಜಾಸ್ತಿ. ಪಂಪ್‌ಸೆಟ್ಟು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಎಲ್ಲರ ಮೈಯೂ ಒಂದೇ ಥರ ಅಲ್ಲ ಎನ್ನುವುದೂ ನಿಜ. ಕೆಲವರ ಒತ್ತಡ ಉಪ್ಪಿಗೆ ಬೇಗ ಏರುತ್ತದೆ, ಕೆಲವರದು ಅಷ್ಟಾಗಿ ಏರುವುದಿಲ್ಲ.

ಊಟದಿಂದಲೇ ಬಿ.ಪಿ. ಇಳಿಸಬಹುದೆಂದು ಜಗತ್ತಿಗೆ ತೋರಿಸಿದವನ ಕಥೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅವನು ಅದನ್ನು ಮಾಡಿದ್ದು ನಮ್ಮ ಅನ್ನದಿಂದ.

ವಾಲ್ಟರ್ ಕೆಂಪ್ನರ್ ಬರ್ಲಿನ್ನಿನವನು, ಹುಟ್ಟಿದ್ದು 1903ರಲ್ಲಿ. ತಾಯಿ ಲಿಡಿಯಾ ರಾಬಿನೋವಿಚ್ ಕ್ಷಯದ ರೋಗಾಣು ಹಸುವಿನ ಹಾಲಿನಲ್ಲಿರುವ ಬಗ್ಗೆ ಕೆಲಸ ಮಾಡಿದ ದೊಡ್ಡ ವಿಜ್ಞಾನಿ. ಯಹೂದಿ ಮೂಲದ ಈ ಕುಟುಂಬಕ್ಕೆ ಹಿಟ್ಲರನ ಜರ್ಮನಿಯಲ್ಲಿ ಉಳಿಗಾಲವಿರಲಿಲ್ಲ. ಕೆಂಪ್ನರ್ 1934ರಲ್ಲಿ ಅಮೆರಿಕದ ಡರ್ಹಾಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ. ಮೂತ್ರಪಿಂಡ ಕೆಟ್ಟವರಿಗೆ ಅದರ ಕೆಲಸ ಹಗುರ ಮಾಡಿಕೊಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದವನು 1939ರ ಹೊತ್ತಿಗೆ ಒಂದು ಊಟ ರೂಪಿಸಿದ: ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ, ಮೇಲೆ ಜೀವಸತ್ವದ ಮಾತ್ರೆ. ಉಪ್ಪು ಹಾಕುವಂತಿಲ್ಲ. ಎಣ್ಣೆ, ಬೆಣ್ಣೆ, ಮಾಂಸ, ಬೇಳೆ ಯಾವುದೂ ಇಲ್ಲ. ಇಡೀ ದಿನದ ಊಟದಲ್ಲಿ ಸೋಡಿಯಂ ಸುಮಾರು 150 ಮಿಲಿಗ್ರಾಂ. ಉಪ್ಪಿನ ಲೆಕ್ಕದಲ್ಲಿ ಅದು ಅರ್ಧ ಗ್ರಾಮಿಗೂ ಕಡಿಮೆ.

ಎರಡು ವಾರಕ್ಕಿಂತ ಹೆಚ್ಚು ಈ ಊಟ ಕೊಡಲು ಅವನಿಗೇ ಭಯವಿತ್ತು. 1942ರಲ್ಲಿ 33 ವರ್ಷದ ಹೆಂಗಸೊಬ್ಬಳು ಬಂದಳು. ಮೂತ್ರಪಿಂಡದ ಕಾಯಿಲೆ, ಏರಿದ ಒತ್ತಡ, ಕಣ್ಣು ಮಂಜು. ಎರಡು ವಾರ ಬಿಟ್ಟು ಬಾ ಎಂದ. ಅವನ ಜರ್ಮನ್ ಉಚ್ಚಾರಣೆ ಆಕೆಗೆ ತಿಳಿಯಲಿಲ್ಲವಂತೆ, ಬಂದದ್ದು ಎರಡು ತಿಂಗಳ ನಂತರ. ಅಷ್ಟೂ ದಿನ ಅದನ್ನೇ ತಿಂದಿದ್ದಳು. ಒತ್ತಡ ಇಳಿದಿತ್ತು, ಕಣ್ಣಿನ ಹಿಂಭಾಗದ ಊತ ಹೋಗಿತ್ತು, ಊದಿದ್ದ ಹೃದಯದ ಗಾತ್ರವೂ ಕಡಿಮೆಯಾಗಿತ್ತು. ಮಾತು ಅರ್ಥವಾಗದೇ ಹೋದದ್ದರಿಂದ ವೈದ್ಯಶಾಸ್ತ್ರಕ್ಕೆ ಒಳ್ಳೆಯದಾದ ಅಪರೂಪದ ಪ್ರಸಂಗ ಇದು. ವೈದ್ಯರ ಮಾತು ಅರ್ಥವಾಗದೆ ಕೆಟ್ಟದ್ದಾದ ಪ್ರಸಂಗಗಳು ನಮಗೆಲ್ಲ ಬೇಕಾದಷ್ಟು ಗೊತ್ತಿವೆ.

ಕೆಂಪ್ನರ್ ತೋರಿಸಿದ ಮೊದಲು–ಆಮೇಲೆಯ ಎಕ್ಸ್‌ರೇಗಳನ್ನು ನೋಡಿ ಕೆಲವರು ಇದು ಮೋಸ ಎಂದೇ ಗುಮಾನಿಪಟ್ಟರು. 1948ರಲ್ಲಿ ಅವನು 500 ರೋಗಿಗಳ ವಿವರ ಪ್ರಕಟಿಸಿದ. ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಸುಧಾರಿಸಿತ್ತು. ಇದನ್ನು ಓದುವಾಗ ಇನ್ನೊಂದು ಪಾಲನ್ನೂ ಮರೆಯಬಾರದು. ಇಷ್ಟು ಕಠಿಣ ಪಥ್ಯದಲ್ಲೂ ಮೂರರಲ್ಲಿ ಒಬ್ಬರಿಗೆ ಫಲ ಸಿಗಲಿಲ್ಲ. ಪಥ್ಯ ಮಾಡದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿ ನೋಡುವ ಕೆಲಸವನ್ನೂ ಅವನು ಮಾಡಿರಲಿಲ್ಲ.

ಸಪ್ಪೆ ಅನ್ನ ತಿನ್ನುವುದು ಸುಲಭವೇನಲ್ಲ. ಡರ್ಹಾಮ್‌ನಲ್ಲಿ ಈ ರೋಗಿಗಳಿಗಾಗಿಯೇ 'ಅನ್ನದ ಮನೆ'ಗಳು ಹುಟ್ಟಿಕೊಂಡವು. ಕದ್ದು ಉಪ್ಪು ತಿಂದವರು ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದರು, ಕೆಂಪ್ನರನ ಬೈಗುಳ ತಿನ್ನುತ್ತಿದ್ದರು. ಕೆಲವು ರೋಗಿಗಳನ್ನು ಚಾವಟಿಯಿಂದ ಹೊಡೆದದ್ದನ್ನು ಅವನು ಮುಂದೆ ಮೊಕದ್ದಮೆಯೊಂದರಲ್ಲಿ ಒಪ್ಪಿಕೊಂಡ ಎಂದೂ ವರದಿಯಾಯಿತು. ಇದನ್ನು ಮುಚ್ಚಿಟ್ಟು ಅವನನ್ನು ದೇವರು ಮಾಡುವ ಬರಹಗಳು ಅಂತರ್ಜಾಲದಲ್ಲಿ ಬಹಳ ಇವೆ, ನಮಗೆ ಅದು ಇಷ್ಟವಿಲ್ಲ. ಇನ್ನೊಂದು ಮಾತು: ಇದು ಆಸ್ಪತ್ರೆಯ ಕಾವಲಿನಲ್ಲಿ, ವಾರವಾರ ರಕ್ತ ಮೂತ್ರ ನೋಡಿ ಕೊಟ್ಟ ಊಟ. ಓದಿದವರು ಯಾರೂ ನಾಳೆಯಿಂದ ಮನೆಯಲ್ಲಿ ಅನ್ನ ಸಕ್ಕರೆ ಶುರು ಮಾಡಬೇಡಿ.

ಹಾಗಾದರೆ ಮಾತ್ರೆ ಎಲ್ಲಿಂದ ಬಂತು? ಒಂದು ದಾರಿ ನಮ್ಮ ಕಾಡಿನಿಂದಲೇ ಹೊರಟಿತು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರನ್ನು ನಾಟಿ ವೈದ್ಯರು ತಲೆಮಾರುಗಳಿಂದ ನಿದ್ದೆಗೆ, ಹುಚ್ಚಿಗೆ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಇದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದಯವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ರೋಗಿಗಳ ವಿವರ ಕೊಟ್ಟ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಆಮೇಲೆ ಘಟ್ಟದಲ್ಲಿ ಸರ್ಪಗಂಧವನ್ನು ಬೇರು ಸಮೇತ ಕಿತ್ತು ಮಾರಿದ್ದು ಬೇರೆಯದೇ ದುಃಖದ ಕಥೆ. ಮನಸ್ಸಿಗೆ ಮಂಕು ಕವಿಸುತ್ತದೆ ಎಂಬ ದೂರಿನಿಂದ ರೆಸರ್ಪಿನ್ ಹಿಂದೆ ಸರಿಯಿತು. 1950ರ ದಶಕದ ಕೊನೆಗೆ ಉಪ್ಪು ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆಗಳು ಬಂದವು. ಕೆಂಪ್ನರ್ ತಟ್ಟೆಯಲ್ಲಿ ಮಾಡಿದ ಕೆಲಸವನ್ನು ಇವು ಮೂತ್ರಪಿಂಡದಲ್ಲಿ ಮಾಡಿದವು. ಸಪ್ಪೆ ಅನ್ನಕ್ಕಿಂತ ಗುಳಿಗೆ ನುಂಗುವುದು ಸುಲಭ ತಾನೆ, ಅನ್ನದ ಪಥ್ಯ ಮೂಲೆಗೆ ಸರಿಯಿತು.

ಗಾಂಧಿಯ ವಿಷಯಕ್ಕೆ ಬರೋಣ. ನಂದಿಯ ವಿಶ್ರಾಂತಿಯಿಂದ ಅವರು ಚೇತರಿಸಿಕೊಂಡದ್ದು ನಿಜ. ಮೂರು ವರ್ಷದ ನಂತರ, 1930ರಲ್ಲಿ, ಸಬರಮತಿಯಿಂದ ದಂಡಿಗೆ 240ಕ್ಕೂ ಹೆಚ್ಚು ಮೈಲಿ ನಡೆದರು. ಅದೇ ಏಪ್ರಿಲ್ 13ರಂದು ನಮ್ಮ ಅಂಕೋಲೆಯ ಜನ ಕಡಲತೀರದಲ್ಲಿ ಉಪ್ಪಿನ ಕಾನೂನು ಮುರಿದರು. ಬಡವನ ಉಪ್ಪಿನ ಮೇಲೆ ತೆರಿಗೆ ಬೇಡ ಎಂದು ಜೈಲಿಗೆ ಹೋದ ಈ ಮನುಷ್ಯ ದಕ್ಷಿಣ ಆಫ್ರಿಕದಲ್ಲಿದ್ದಾಗ ಕಸ್ತೂರಬಾ ಕಾಯಿಲೆ ಬಿದ್ದ ಸಂದರ್ಭದಲ್ಲಿ ತಾವೇ ಉಪ್ಪು ಬೇಳೆ ಬಿಟ್ಟವರು. ನೀವು ಬಿಡಬಲ್ಲಿರಾ ಎಂದು ಆಕೆ ಸವಾಲು ಹಾಕಿದ್ದಕ್ಕೆ ಒಂದು ವರ್ಷ ಬಿಡುತ್ತೇನೆ ಎಂದು ಶುರುವಾದ ವ್ರತ ಬಹುಕಾಲ ನಡೆಯಿತು. ಆದರೂ ಒತ್ತಡ ಮರಳಿ ಬಂತು. 1935ರ ಕೊನೆಗೆ ಮತ್ತೆ ಕುಸಿದರು, 1936ರ ಮೇ ತಿಂಗಳಲ್ಲಿ ಮತ್ತೆ ನಂದಿ ಬೆಟ್ಟಕ್ಕೇ ಬಂದರು. ಈ ಸಲ ಸರ್. ಸಿ.ವಿ. ರಾಮನ್ ಬೆಟ್ಟ ಹತ್ತಿ ಬಂದು ಮಾತಾಡಿಸಿಕೊಂಡು ಹೋದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪತ್ರಿಕೆ 2019ರಲ್ಲಿ ಗಾಂಧಿಯ ಆರೋಗ್ಯದ ದಾಖಲೆಗಳನ್ನು ಪ್ರಕಟಿಸಿತು. ಅದರಲ್ಲಿ 1937ರ ಅಕ್ಟೋಬರ್ 26ರ ಅಂಕಿ 194/130. 1940ರ ಫೆಬ್ರವರಿ 19ರಂದು 220/110. ಮುಂದೆ ಅವರೂ ಸರ್ಪಗಂಧ ಸೇವಿಸಿದರು.

ಹೊಲದ ದುಡಿಮೆ, ಮುದ್ದೆ ಊಟ ಇದ್ದರೆ ಬಿ.ಪಿ. ಬರುವುದಿಲ್ಲ ಎನ್ನುವ ಮಾವನಿಗೆ ನಾವು ಹೇಳಿದ್ದು ಇದನ್ನೇ. ಗಾಂಧಿಯಷ್ಟು ಪಥ್ಯ ನೀವು ಮಾಡಿಲ್ಲ ಮಾವ, ಗಾಂಧಿಗೇ ಬಿಡಲಿಲ್ಲ ಅದು. ಪಥ್ಯ ಕೆಲಸಕ್ಕೆ ಬರುವುದಿಲ್ಲ ಎಂದಲ್ಲ. ಪಥ್ಯವಿಲ್ಲದಿದ್ದರೆ ಆ ಅಂಕಿ ಇನ್ನೆಲ್ಲಿಗೆ ಹೋಗುತ್ತಿತ್ತೋ. ಆದರೆ ಕೆಲವರಿಗೆ ಪಥ್ಯದ ಜೊತೆ ಮಾತ್ರೆಯೂ ಬೇಕು, ಗಾಂಧಿಗೆ ಅದು ಸಿಗಲಿಲ್ಲ, ನಿಮಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಳತೆ ಸರಿಯಾಗಿ ಬಂತೆಂದು ಮಾತ್ರೆ ಬಿಡುವುದು, ಸೋರುವುದು ನಿಂತಿತೆಂದು ಮಳೆಗಾಲದ ನಡುವೆ ಹೆಂಚು ತೆಗೆದ ಹಾಗೆ. ಬಿಡಬಹುದೋ ಇಲ್ಲವೋ ಹೇಳಬೇಕಾದವರು ವೈದ್ಯರು.

ಆಮೇಲೆ ಊಟದ ವಿಚಾರ ಮತ್ತೆ ಮೇಲೆದ್ದು ಬಂತು, ಈ ಸಲ ಚಾವಟಿಯಿಲ್ಲದೆ. 1997ರಲ್ಲಿ ಅಮೆರಿಕದ ನಾಲ್ಕು ಊರುಗಳಲ್ಲಿ 459 ಜನರಿಗೆ ಊಟ ಹಾಕಿ ನೋಡಿದ ಅಧ್ಯಯನ ಪ್ರಕಟವಾಯಿತು. ಅದರ ಹೆಸರು ಡ್ಯಾಶ್. ನಾಲ್ಕರಲ್ಲಿ ಒಂದು ಊರು ಕೆಂಪ್ನರನ ಡರ್ಹಾಮ್. ಹಣ್ಣು, ತರಕಾರಿ, ಕಾಳು, ಕೆನೆ ತೆಗೆದ ಹಾಲು ಮೊಸರು ಹೆಚ್ಚು. ಕೊಬ್ಬು, ಸಿಹಿ ಕಡಿಮೆ. ಉಪ್ಪು ಎಲ್ಲರಿಗೂ ಒಂದೇ. ಅಷ್ಟಕ್ಕೇ ಬಿ.ಪಿ. ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. 2001ರಲ್ಲಿ ಅದೇ ಊಟದಲ್ಲಿ ಉಪ್ಪನ್ನೂ ಇಳಿಸಿ ನೋಡಿದರು, ಅಂಕಿ ಇನ್ನೂ ಇಳಿಯಿತು. ಹಣ್ಣು ತರಕಾರಿ ಕಾಳುಗಳಲ್ಲಿರುವ ಪೊಟ್ಯಾಸಿಯಂ ಉಪ್ಪನ್ನು ಹೊರಗೆ ದೂಡಲು ಮೂತ್ರಪಿಂಡಕ್ಕೆ ನೆರವಾಗುತ್ತದೆ. 2021ರಲ್ಲಿ ಉತ್ತರ ಚೀನಾದ 600 ಹಳ್ಳಿಗಳ ಅಧ್ಯಯನವೊಂದು ಬಂತು. ಅಡುಗೆ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಉಪ್ಪಿಗೆ ಬದಲಿಸಿದ ಹಳ್ಳಿಗಳಲ್ಲಿ ಲಕ್ವ 14 ಶೇಕಡಾ ಕಡಿಮೆಯಾಗಿತ್ತು. (ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥ ಉಪ್ಪು ಬಳಸಬಾರದು, ಅಪಾಯ.)

ಜಪಾನಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅದೂ ಅನ್ನ ಮತ್ತು ಉಪ್ಪಿನಕಾಯಿಯ ದೇಶ. 1950ರ ದಶಕದಿಂದ ಮೂವತ್ತು ವರ್ಷ ಅಲ್ಲಿ ಸಾವಿಗೆ ಮೊದಲ ಕಾರಣ ಲಕ್ವ. ಉತ್ತರದ ಅಕಿತಾ ಕಡೆ ಜನ ದಿನಕ್ಕೆ 25 ಗ್ರಾಮಿಗೂ ಹೆಚ್ಚು ಉಪ್ಪು ತಿನ್ನುತ್ತಿದ್ದರು. ಚಳಿಗಾಲಕ್ಕೆ ಕೂಡಿಟ್ಟ ತರಕಾರಿ, ಮೀನು, ಸಾರಿನ ಮಿಸೊ, ಎಲ್ಲವೂ ಉಪ್ಪಿನಲ್ಲಿ ಅದ್ದಿದ್ದು. 1980ರ ದಶಕದಲ್ಲಿ ನಾಗಾನೊ ಪ್ರಾಂತ್ಯದಲ್ಲಿ ಊರ ಹೆಂಗಸರೇ ಸ್ವಯಂಸೇವಕಿಯರಾಗಿ ಮನೆಮನೆಯ ಸಾರಿನ ಉಪ್ಪು ಅಳೆದರು. ಬೈಯಲಿಲ್ಲ, ಅಳೆದು ತೋರಿಸಿದರು. ನಮ್ಮ ಆಶಾ ಕಾರ್ಯಕರ್ತೆಯರು ನೆನಪಾದರು ನಮಗೆ. 2024ರಲ್ಲಿ ಮನೆಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ನೋಡುವ ರಾಜ್ಯದ 'ಗೃಹ ಆರೋಗ್ಯ' ಯೋಜನೆ ಶುರುವಾದದ್ದೂ ಕೋಲಾರದಿಂದಲೇ.

ಉಪ್ಪು ಕಮ್ಮಿ ಮಾಡಿ ಎಂಬ ಮಾತು ನಮ್ಮಲ್ಲಿ ಸೋಲುವುದು ಎಲ್ಲಿ ಎಂದು ಮಾವನ ಅಡುಗೆಮನೆಯಲ್ಲಿ ತಿಳಿಯಿತು. ಅತ್ತೆ ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದರು, ಸುಳ್ಳಲ್ಲ. ಮುದ್ದೆಗಂತೂ ಉಪ್ಪೇ ಇಲ್ಲ. ಆದರೆ ಸಾರು ಸಪ್ಪೆಯಾಯಿತೆಂದು ಮಾವ ಉಪ್ಪಿನಕಾಯಿ ಎರಡು ಹೋಳು ಹೆಚ್ಚು ಹಾಕಿಕೊಳ್ಳುತ್ತಿದ್ದರು. ಜೊತೆಗೆ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಸಂಜೆ ಬೇಕರಿಯ ಖಾರ. ಕರಾವಳಿಯ ನಮ್ಮ ಗೆಳತಿ ಹೇಳಿದಳು, ಅವರ ಕಡೆ ಗಂಜಿಯ ಜೊತೆ ಒಣಮೀನು. ಇವೆಲ್ಲ ಯಾರ ಲೆಕ್ಕದಲ್ಲೂ 'ಉಪ್ಪು' ಅಲ್ಲ. ಅಂಗಡಿಯ ದುಬಾರಿ ಕಲ್ಲುಪ್ಪು, ಸೈಂಧವ ಉಪ್ಪು ತಂದರೆ ಬಿ.ಪಿ.ಗೆ ಒಳ್ಳೆಯದು ಎಂದೂ ಯಾರೋ ಹೇಳಿದ್ದರು. ಅದರಲ್ಲೂ ಇರುವುದು ಬಹುಪಾಲು ಅದೇ ಸೋಡಿಯಂ.

ನಾವು ಒಂದು ಲೆಕ್ಕ ಹಾಕಿಕೊಟ್ಟೆವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ. ನಮ್ಮ ದೇಶದ ಸರಾಸರಿ 8 ಗ್ರಾಂ ಆಸುಪಾಸು ಇದೆ. ಮನೆಯಲ್ಲಿ ನಾಲ್ಕು ಜನ ಎಂದರೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ಟು ಐವತ್ತು ದಿನ ಬರಬೇಕು, ಉಪ್ಪಿನಕಾಯಿ ಹಪ್ಪಳ ಬೇರೆ ಕೊಂಡರೆ ಇನ್ನೂ ಹೆಚ್ಚು ದಿನ. ನಿಮ್ಮನೆಯಲ್ಲಿ ಎಷ್ಟು ದಿನ ಬರುತ್ತದೆ ಅತ್ತೆ ಎಂದು ಕೇಳಿದೆವು. ಅವರು ಬೆರಳೆಣಿಸಿದರು. "ಸಂತೆಗೆ ಸಂತೆಗೆ ಅಲ್ಲ, ಒಂದು ಸಂತೆ ಬಿಟ್ಟು ಒಂದು ಸಂತೆ, ಮೂರು ವಾರ ಅನ್ನು" ಎಂದರು. ಆಮೇಲೆ ಸುಮ್ಮನಾದರು.

ಹೋದ ತಿಂಗಳು ಮತ್ತೆ ಹೋಗಿದ್ದೆವು. ಮಾವ ಎಡಗೈಯಲ್ಲೇ ಮಾತ್ರೆಯ ಹಾಳೆ ಒತ್ತಿ ಗುಳಿಗೆ ತೆಗೆಯುವುದನ್ನು ಕಲಿತಿದ್ದಾರೆ. ಸಾರಿಗೆ ಹುಣಸೆ, ನಿಂಬೆ, ಕೊತ್ತಂಬರಿ ಹೆಚ್ಚಾಗಿದೆ, ಹಿತ್ತಲಲ್ಲಿ ದಂಟು ಹಾಕಿದ್ದಾರೆ. ಒಲೆಯ ಪಕ್ಕದ ಉಪ್ಪಿನ ಪ್ಯಾಕೆಟ್ಟಿನ ಮೇಲೆ ಮೊಮ್ಮಗಳ ಕೈಯಲ್ಲಿ ಬಾಲ್‌ಪೆನ್ನಿನಿಂದ ಒಡೆದ ತಾರೀಖು ಬರೆಸಿಟ್ಟಿದ್ದಾರೆ. ಮೂವತ್ತೊಂದನೆಯ ದಿನ ನಡೆಯುತ್ತಿತ್ತು, ತಳದಲ್ಲಿ ಇನ್ನೂ ಒಂದು ಹಿಡಿ ಇತ್ತು.